ಉಯ್ಯಾಲೆಗಿಂತ ಮೊದಲು ದಾರಿ ಮಾಡಿ

ಮಾನ್ಯ ಸಂಪಾದಕರೇ,

ಪಾರ್ಕುಗಳಲ್ಲಿ ವಿಕಲಚೇತನ ಮಕ್ಕಳಿಗಾಗಿ ಗಾಲಿಕುರ್ಚಿ ಸಮೇತ ಏರುವ ಉಯ್ಯಾಲೆ ಬೇಕೆಂಬ ಬೇಡಿಕೆ ಆಗಾಗ ಕೇಳಿಬರುತ್ತದೆ. ಬೇಡಿಕೆ ನ್ಯಾಯವಾದದ್ದೇ. ಆದರೆ ಮಂಗಳೂರಿನ ಮಟ್ಟಿಗೆ ಹಣ ಮೊದಲು ಹೋಗಬೇಕಾದದ್ದು ಉಯ್ಯಾಲೆಗಲ್ಲ, ಗೇಟಿನಿಂದ ಅಲ್ಲಿಯವರೆಗಿನ ನೆಲಕ್ಕೆ.

ಬೈಕು, ದನ ಒಳಬಾರದಿರಲೆಂದು ನಿಲ್ಲಿಸುವ ಅಂಕುಡೊಂಕು ಕಂಬಿಗಳ ನಡುವೆ ಗಾಲಿಕುರ್ಚಿ ತೂರುವುದಿಲ್ಲ. ಪಕ್ಕದಲ್ಲಿ ಕನಿಷ್ಠ 90 ಸೆಂ.ಮೀ. ಅಗಲದ, ತಾನಾಗಿ ಮುಚ್ಚಿಕೊಳ್ಳುವ ಗೇಟು ಬೇಕು. ಆಟಿಸಂ ಇರುವ ಕೆಲವು ಮಕ್ಕಳು ಥಟ್ಟನೆ ರಸ್ತೆಗೆ ಓಡಿಬಿಡುತ್ತಾರೆ. ಅವರ ಹೆತ್ತವರಿಗೂ ಇದೇ ಗೇಟು ಆಸರೆ. ನಮ್ಮದು ಏರುತಗ್ಗಿನ ಊರು, ರ‍್ಯಾಂಪ್ ತಪ್ಪಿದ್ದಲ್ಲ. ನಿಯಮ ಒಂದಡಿ ಏರಿಗೆ ಹನ್ನೆರಡಡಿ ಉದ್ದ ಕೇಳುತ್ತದೆ. ಮಳೆಗಾಲದಲ್ಲಿ ಅದೂ ಕಡಿದಾದದ್ದೇ. ಜಾಗವಿದ್ದಲ್ಲಿ ಇಪ್ಪತ್ತಡಿ ಕೊಡಿ. ನುಣುಪು ಟೈಲ್ಸ್ ಬೇಡವೇ ಬೇಡ, ಹಸಿ ಕಾಂಕ್ರೀಟಿನ ಮೇಲೆ ಪೊರಕೆ ಎಳೆದು ಗೆರೆ ಮೂಡಿಸಿದರೆ ಸಾಕು.

ಆಟದ ಜಾಗದ ನೆಲವೇ ನಿಜವಾದ ತಲೆನೋವು. ಹೊಯಿಗೆಯಲ್ಲಿ ಚಕ್ರವೂ ಊರುಗೋಲೂ ಹುಗಿಯುತ್ತವೆ. ಇಂಟರ್‌ಲಾಕ್ ಕಲ್ಲಿನಡಿಯ ಮಣ್ಣು ಮಳೆನೀರಿಗೆ ತೊಳೆದುಹೋಗಿ ಅಲ್ಲಲ್ಲಿ ಕುಸಿಯುತ್ತದೆ, ಮುಂಚಕ್ರ ಸಿಕ್ಕಿಕೊಳ್ಳುತ್ತದೆ. ನೆರಳಿದ್ದಲ್ಲಿ ಪಾಚಿ ಬೇರೆ. ಸ್ಥಳದಲ್ಲೇ ಹಾಸುವ ರಬ್ಬರ್ ನೆಲ ದುಬಾರಿಯಾದರೂ ಒಳ್ಳೆಯದು. ಆದರೆ ಅದರಡಿಯ ಕಾಂಕ್ರೀಟಿಗೆ 50 ಅಡಿಗೆ ಒಂದಡಿಯಾದರೂ ಇಳಿಜಾರು, ಅಂಚಿನಲ್ಲಿ ಚರಂಡಿ ಇಲ್ಲದಿದ್ದರೆ ನೀರು ನಿಂತು ರಬ್ಬರ್ ಎದ್ದುಬರುತ್ತದೆ. ದಪ್ಪವನ್ನು ಗುತ್ತಿಗೆದಾರರ ಅಂದಾಜಿಗೆ ಬಿಡಬಾರದು. ಎಷ್ಟು ಎತ್ತರದವರೆಗಿನ ಬೀಳುವಿಕೆಯಲ್ಲಿ ತಲೆಗೆ ರಕ್ಷಣೆ ಸಿಗುತ್ತದೆ ಎಂಬುದಕ್ಕೆ ಇಎನ್ 1177 (ಆಟದ ನೆಲ ಪೆಟ್ಟನ್ನು ಎಷ್ಟು ತಗ್ಗಿಸುತ್ತದೆಂದು ಅಳೆಯುವ ಯುರೋಪಿನ ಮಾನದಂಡ) ಪರೀಕ್ಷಾ ವರದಿ ಕೇಳಿಯೇ ಬಿಲ್ ಪಾಸು ಮಾಡಬೇಕು.

ಇನ್ನು ಆ ಉಯ್ಯಾಲೆ. ಅದರ ಕಬ್ಬಿಣದ ಹಲಗೆ ಭಾರ. ಬೇರೆ ಮಕ್ಕಳಿಗೆ ಬಡಿಯದಂತೆ ಬೇಲಿ, ಬೀಗ ಬೇಕಾಗುತ್ತದೆ. ಕಾವಲುಗಾರರು ರಜೆ ಹಾಕಿದರೆ ಬೀಗದಕೈಯೂ ರಜೆ! ಮೇಲಾಗಿ ಮಗು ಬೇಲಿಯೊಳಗೆ ಒಂಟಿ. ಅದೇ ಹಣದಲ್ಲಿ ಮೂರ್ನಾಲ್ಕು ಮಕ್ಕಳು ಜೊತೆಗೆ ಒರಗುವ ಬುಟ್ಟಿ ಉಯ್ಯಾಲೆಯನ್ನೂ, ಎತ್ತರದ ಬೆನ್ನು ಮತ್ತು ಬೆಲ್ಟ್ ಇರುವ ಒಂದು ಸೀಟನ್ನೂ ಹಾಕುವುದು ನಮ್ಮ ಆಯ್ಕೆ. ನೆಲಮಟ್ಟದ ತಿರುಗಣೆಗೆ ಗಾಲಿಕುರ್ಚಿ ನೇರವಾಗಿ ಹತ್ತುತ್ತದೆ. ಅದರ ಗುಂಡಿಗೆ ನೀರು ಹೋಗುವ ಪೈಪ್ ಇಡದಿದ್ದರೆ ಮಾತ್ರ ಜೂನ್‌ನಲ್ಲೇ ಕೆರೆ. ಜಾರುಬಂಡಿಯ ಮೆಟ್ಟಿಲ ಬುಡದಲ್ಲಿ ಸುಮಾರು 40 ಸೆಂ.ಮೀ. ಎತ್ತರದ ಕಟ್ಟೆಯಿದ್ದರೆ ಕುರ್ಚಿಯಿಂದ ಅದಕ್ಕೆ ಸರಿದು, ತೆವಳುತ್ತಾ ಮೇಲೇರಬಹುದು. ಪ್ಲಾಸ್ಟಿಕ್ ಜಾರುಬಂಡಿಯಲ್ಲಿ ಹುಟ್ಟುವ ಸ್ಥಾಯೀ ವಿದ್ಯುತ್ ಕಾಕ್ಲಿಯರ್ ಇಂಪ್ಲಾಂಟಿನ (ಕಿವಿ ಕೇಳದ ಮಕ್ಕಳಿಗೆ ಶಸ್ತ್ರಚಿಕಿತ್ಸೆಯಿಂದ ಅಳವಡಿಸುವ ಶ್ರವಣ ಸಾಧನ) ಹೊರಯಂತ್ರವನ್ನು ಕೆಡಿಸಬಹುದು. ಸ್ಟೀಲಿನದಾದರೆ ಬಿಸಿಲಿಗೆ ಸುಡುತ್ತದೆ, ನೆರಳಲ್ಲಿಡಿ. ತೆಂಗಿನಮರದ ನೆರಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕಡಲಗಾಳಿಗೆ 304 ದರ್ಜೆಯ ಸ್ಟೀಲೂ ತುಕ್ಕು ಕಾರುತ್ತದೆ, ಟೆಂಡರಿನಲ್ಲಿ 316 ಎಂದೇ ಬರೆಯಬೇಕು.

ಅಲ್ಲೇ ಇನ್ನೊಂದು ಷರತ್ತೂ ಸೇರಲಿ: ಜುಲೈ ಮಳೆಯಲ್ಲಿ, ವಿಶೇಷ ಶಾಲೆಯ ಶಿಕ್ಷಕರು ಮತ್ತು ಹೆತ್ತವರ ಎದುರು, ಗೇಟಿನಿಂದ ಪ್ರತಿ ಆಟಿಕೆಯವರೆಗೆ ಗಾಲಿಕುರ್ಚಿ ತಳ್ಳಿ ತೋರಿಸುವವರೆಗೆ ಕೊನೆಯ ಕಂತು ಬಿಡುಗಡೆಯಿಲ್ಲ.

– ಮಕ್ಕಳ ಥೆರಪಿಸ್ಟರು ಮತ್ತು ಸಿವಿಲ್ ಎಂಜಿನಿಯರರು, ಮಂಗಳೂರು