ಪುಟ್ಟಿ ಫೋನಿನಲ್ಲಿ ಯಾಕೆ ಮಾತಾಡುವುದಿಲ್ಲ

ಐಂಡ್‌ಹೋವನ್, ನೆದರ್‌ಲ್ಯಾಂಡ್ಸ್
ನವೆಂಬರ್ ಕೊನೆಯ ವಾರ

ಪ್ರೀತಿಯ ಅಮ್ಮನಿಗೆ, ಅಪ್ಪನಿಗೆ ನಮಸ್ಕಾರ.

ನಾವು ಮೂವರೂ ಚೆನ್ನಾಗಿದ್ದೇವೆ. ವಾರ ವಾರ ಫೋನಿನಲ್ಲಿ ಮುಖ ನೋಡುತ್ತಿರುವಾಗ ಇವನಿಗೇನು ಕಾಗದ ಬರೆಯುವ ಹುಚ್ಚು ಅಂತ ಅಪ್ಪ ಕೇಳಬಹುದು. ಫೋನಿನಲ್ಲೇ ಹೇಳೋಣ ಅಂದರೆ ಪುಟ್ಟಿ ಪಕ್ಕದಲ್ಲೇ ಇರುತ್ತಾಳೆ. ತನ್ನ ಪಾಡಿಗೆ ಆಟ ಆಡುತ್ತಿರುವಂತೆ ಕಾಣುತ್ತಾಳೆ, ಆದರೆ ಕಿವಿ ಪೂರ್ತಿ ನಮ್ಮ ಕಡೆಗೇ ಇರುತ್ತದೆ.

ಹೋದ ಭಾನುವಾರ "ಮಗು ನಮ್ಮನ್ನ ಮರೆತೇಬಿಟ್ಟಿದೆ, ಕನ್ನಡವೂ ಹೋಯ್ತು" ಅಂತ ಹೇಳಿ ಫೋನನ್ನು ಅಪ್ಪನ ಕೈಗೆ ಕೊಟ್ಟು ಅಡುಗೆಮನೆಗೆ ಹೋದೆಯಲ್ಲ ಅಮ್ಮಾ, ಅದು ನನ್ನನ್ನು ಆವತ್ತಿನಿಂದ ಕೊರೆಯುತ್ತಿದೆ. ನೀನು ಹೋದ ಮೇಲೆ ಏನಾಯಿತು ಅಂತ ಹೇಳುತ್ತೇನೆ ಕೇಳು.

ಫೋನ್ ಇಟ್ಟು ಐದು ನಿಮಿಷ ಆಗಿರಲಿಲ್ಲ. ಪುಟ್ಟಿ ನಿನ್ನ ಸೊಸೆಯ ದುಪಟ್ಟಾ ಸುತ್ತಿಕೊಂಡಳು. ಟಿವಿ ರಿಮೋಟನ್ನು ಮುಖದ ಮುಂದೆ ಹಿಡಿದಳು. ನೀನು ಮಾತು ಶುರು ಮಾಡುವ ಮುಂಚೆ ಸಣ್ಣಗೆ ಕೆಮ್ಮುತ್ತೀಯಲ್ಲ, ಅದನ್ನೂ ಬಿಡದೆ ಕೆಮ್ಮಿದಳು. ಆಮೇಲೆ ತನ್ನ ಬೊಂಬೆಗೆ, "ಏನ್ ಪುಟ್ಟಮ್ಮ, ತಿಂಡಿ ಆಯ್ತಾ? ಏನ್ ತಿಂಡಿ? ಬರೀ ಬ್ರೆಡ್ಡಾ? ಅಯ್ಯೋ ಶಿವನೇ!" ಅಂದಳು. ನನ್ನ ಕಡೆ ತಿರುಗಿ, "ಸಣ್ಣಗಾಗಿದೀಯಲ್ಲೋ" ಅಂತಲೂ ಕೇಳಿದಳು. ನಾನು ಸಣ್ಣಗಾಗಿಲ್ಲ ಅಂತ ಅವಳಿಗೂ ಗೊತ್ತು. ಪ್ರತಿ ಭಾನುವಾರ ಇದೇ ನಾಟಕ. ನೀನು ಆಡಿದ ಒಂದು ಮಾತೂ ನೆಲಕ್ಕೆ ಬೀಳುವುದಿಲ್ಲ.

ಇದನ್ನು ಗುಟ್ಟಾಗಿ ವಿಡಿಯೋ ಮಾಡಿ ಕಳಿಸೋಣ ಅಂತ ಒಂದು ಸಲ ನೋಡಿದೆ. ಫೋನ್ ಎತ್ತಿದ್ದು ಕಂಡ ಕೂಡಲೇ ದುಪಟ್ಟಾ ಬಿಚ್ಚಿಟ್ಟಳು. ಎರಡು ದಿನ ನನ್ನ ಮೇಲೆ ಮುನಿಸು.

ಇಲ್ಲಿ ಶಾಲೆಗೆ ಸೇರಿಸುವ ಪದ್ಧತಿಯೇ ಬೇರೆ. ನಮ್ಮಲ್ಲಿಯ ಹಾಗೆ ಜೂನ್ ಬರಲಿ, ಎಲ್ಲ ಮಕ್ಕಳೂ ಒಟ್ಟಿಗೆ ಅಳಲಿ ಅಂತಿಲ್ಲ. 4 ವರ್ಷ ತುಂಬಿದರೆ ಆಯ್ತು, ವರ್ಷದ ಮಧ್ಯವಾದರೂ ಸರಿ, ಆ ಮಗು ಶಾಲೆಗೆ ಹೊರಡುತ್ತದೆ. ಅಂದರೆ ಆಗಲೇ ಗೆಳೆತನ, ಜಗಳ ಎಲ್ಲಾ ಮಾಡಿಕೊಂಡು ಕೂತಿರುವ ತರಗತಿಗೆ ಇವಳು ಒಬ್ಬಳೇ ಹೋಗಬೇಕು. ಸೆಪ್ಟೆಂಬರಿನಲ್ಲಿ ಹಾಗೆ ಹೋದಳು. ಅಳಲಿಲ್ಲ. ಮಾತೂ ಆಡಲಿಲ್ಲ. ಒಂದು ತಿಂಗಳು ಹಾಗೇ ಕಳೆಯಿತು. ನನಗೆ ಹೆದರಿಕೆಯಾಗಿ ಟೀಚರನ್ನು ಕಂಡೆ. ಆಕೆ ನಕ್ಕು ಇಲ್ಲಿಯದೇ ಒಂದು ಗಾದೆ ಹೇಳಿದರು. ನಿಮ್ಮ ಮಗಳು ಬೆಕ್ಕನ್ನು ನೋಡಿ ನೋಡಿಯೇ ಮರದಿಂದ ಇಳಿಸುವವಳು ಅಂತ. ಮರ ಅಲ್ಲಾಡಿಸುವುದಿಲ್ಲ, ಕೂಗುವುದಿಲ್ಲ, ಕಲ್ಲು ಎಸೆಯುವುದಿಲ್ಲ. ಬೆಕ್ಕು ತಾನಾಗಿ ಇಳಿಯುವವರೆಗೂ ನೋಡುತ್ತಾ ನಿಲ್ಲುತ್ತಾಳೆ. ಡಚ್ಚರು ಇಂಥ ಮಕ್ಕಳಿಗೆ ಹಾಗೇ ಹೇಳುವುದಂತೆ.

ನನಗೆ ತಕ್ಷಣ ನೆನಪಾಗಿದ್ದು ಅಪ್ಪ. ನಮ್ಮ ಅಟ್ಟದ ಮೇಲೆ ಕೊಬ್ಬರಿಗೆ ಅಂತ ತೆಂಗಿನಕಾಯಿ ಹತ್ತು ಹನ್ನೊಂದು ತಿಂಗಳು ಬಿದ್ದಿರುತ್ತಿತ್ತು. ಅಪ್ಪ ಒಂದೊಂದನ್ನೇ ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗೆ ನೀರು ಇಂಗಿ, ಗಿಟುಕು ಕರಟ ಬಿಟ್ಟು, ಗಡಗಡ ಅನ್ನುವ ತನಕ ಸುಲಿಯಲು ಬಿಡುತ್ತಿರಲಿಲ್ಲ. ತಿಪಟೂರು ಮಾರುಕಟ್ಟೆಯಲ್ಲಿ ರೇಟು ಏರಿದೆ ಅಂತ ಯಾರಾದರೂ ಅವಸರ ಮಾಡಿದರೆ, "ಕಾಯಿಗೆ ರೇಟು ಗೊತ್ತಿಲ್ಲ ಕಣಯ್ಯ" ಅನ್ನುತ್ತಿದ್ದರು. ಅಪ್ಪಾ, ಮೊಮ್ಮಗಳಿಗೆ ಬಂದಿರುವುದು ನಿಮ್ಮ ಗುಣವೇ. ಮೂಗು ಮಾತ್ರ ನಿನ್ನ ಸೊಸೆಯದು ಅಮ್ಮಾ, ಅದರ ಬಗ್ಗೆ ಮತ್ತೆ ತಕರಾರು ಬೇಡ.

ಈಜಿನ ಕ್ಲಾಸಿಗೂ ಸೇರಿಸಿದ್ದೇವೆ. ಇಲ್ಲಿ ಎಲ್ಲಿ ನೋಡಿದರೂ ಕಾಲುವೆ, ಹಾಗಾಗಿ ಮಕ್ಕಳಿಗೆ ಈಜು ಕಲಿಸಲೇಬೇಕು ಅನ್ನುತ್ತಾರೆ. ಪರೀಕ್ಷೆಯೂ ಉಂಟು, ಬಟ್ಟೆ ಶೂ ಹಾಕಿಕೊಂಡೇ ಈಜಿ ತೋರಿಸಬೇಕು. ಕಾಲುವೆಗೆ ಬೀಳುವವರು ಬಟ್ಟೆ ಬದಲಿಸಿ ಬೀಳುವುದಿಲ್ಲ ಅಲ್ವಾ! ಪುಟ್ಟಿ ಮೂರು ವಾರ ಬರೀ ದಡದಲ್ಲಿ ಕೂತು ಕಾಲು ಆಡಿಸಿದಳು. ನಾಲ್ಕನೇ ವಾರ ಸೊಂಟದವರೆಗೂ ಇಳಿದಳು. ಮುಖ ಇನ್ನೂ ನೀರಿಗೆ ಹಾಕಿಲ್ಲ. ಪಕ್ಕದ ಹುಡುಗ ಮುಳುಗಿ ಎದ್ದರೆ ಅವನ ಮೂಗಿನಿಂದ ನೀರು ಬರುವುದನ್ನು ಮಾತ್ರ ಗಮನವಿಟ್ಟು ನೋಡುತ್ತಾಳೆ.

ಬರೀ ಹೊಗಳುತ್ತಿದ್ದೇನೆ ಅಂದುಕೊಳ್ಳಬೇಡ. ಬೆಳಿಗ್ಗೆ ಒಂದು ಕಾಲುಚೀಲ ಹಾಕಲು ಇಪ್ಪತ್ತು ನಿಮಿಷ ಬೇಕು ಅವಳಿಗೆ. ಹೊರಗೆ ಮಳೆ, ಸೈಕಲ್ಲಿನಲ್ಲಿ ಹೋಗಬೇಕು, ಎಂಟೂವರೆಗೆ ಗಂಟೆ ಹೊಡೆಯುತ್ತದೆ. ಮೊನ್ನೆ ಒಂದು ದಿನ ಜೋರಾಗಿ ಕಿರುಚಿಬಿಟ್ಟೆ. ಅವಳು ಕಾಲುಚೀಲ ಕೆಳಗಿಟ್ಟು, "ಅಪ್ಪ, ಈಗ ಮೊದಲಿಂದ ಹಾಕಬೇಕು" ಅಂದಳು. ಕೋಪ ಎಲ್ಲಿ ಹೋಯಿತೋ. ಶಾಲೆಗಂತೂ ಆವತ್ತು ತಡ.

ಈಗ ಇಲ್ಲಿ ಸಿಂಟರ್‌ಕ್ಲಾಸ್ ಹಬ್ಬದ ಸಡಗರ. ಬಿಳಿ ಗಡ್ಡದ ಮುದುಕ, ಕುದುರೆ ಹತ್ತಿ ಮನೆಮನೆಯ ಮಾಡಿನ ಮೇಲೆ ಓಡಾಡುತ್ತಾನಂತೆ. ಮಕ್ಕಳು ರಾತ್ರಿ ಒಂದು ಶೂ ಇಟ್ಟು, ಅದರಲ್ಲಿ ಕುದುರೆಗೆ ಕ್ಯಾರೆಟ್ ಇಡುತ್ತಾರೆ. ಬೆಳಿಗ್ಗೆ ಅಲ್ಲಿ ಸಿಹಿ ಇರುತ್ತದೆ. ಪುಟ್ಟಿ ಕ್ಯಾರೆಟ್ ಜೊತೆಗೆ ನೀನು ಕಳಿಸಿದ ಕೋಡುಬಳೆಯಲ್ಲಿ ಅರ್ಧ ಇಟ್ಟಳು. ಪೂರ್ತಿ ಯಾಕೆ ಇಡಲಿಲ್ಲ ಅಂದರೆ, "ಕುದುರೆಗೆ ಖಾರ ಆದರೆ?" ಅಂದಳು. ಉಳಿದರ್ಧ ತಾನೇ ತಿಂದು "ಲೆಕ್ಕರ್" ಅಂದಳು. ಅದು ಇಲ್ಲಿ ರುಚಿಯಾಗಿದೆ ಅನ್ನುವ ಮಾತು. ಮೊದಲ ಸಲ ಕೇಳಿದಾಗ ಮಗು ಲೆಕ್ಕ ಕೇಳುತ್ತಿದೆ ಅಂದುಕೊಂಡಿದ್ದೆ. ಕನ್ನಡ ಹೋಗಿಲ್ಲ ಅಮ್ಮಾ. ಬೊಂಬೆಗೆ ಬೈಯುವುದು ಡಚ್ಚಿನಲ್ಲಿ, ಊಟ ಮಾಡಿಸುವುದು ಕನ್ನಡದಲ್ಲಿ.

ಏಪ್ರಿಲ್ ಕೊನೆಗೆ ಶಾಲೆಗೆ ರಜೆ ಬರುತ್ತದೆ, ಆಗ ಊರಿಗೆ ಬರುತ್ತೇವೆ. ಒಂದೇ ಕೇಳಿಕೆ. ಬಂದ ದಿನವೇ ಅಕ್ಕಪಕ್ಕದವರನ್ನೆಲ್ಲ ಕರೆದು "ಒಂದು ಹಾಡು ಹೇಳು ಪುಟ್ಟಿ" ಅನ್ನಬೇಡ. ನೀನು ನಿನ್ನ ಪಾಡಿಗೆ ಹೂ ಕಟ್ಟುತ್ತಾ ಕೂತಿರು. ಮೊದಲು ಬಾಗಿಲಲ್ಲಿ ನಿಲ್ಲುತ್ತಾಳೆ. ಆಮೇಲೆ ದಾರ ಹಿಡಿದುಕೊಳ್ಳಲು ಬರುತ್ತಾಳೆ.

ಇದರ ಜೊತೆ ಅವಳು ಬರೆದ ಚಿತ್ರ ಇಟ್ಟಿದ್ದೇನೆ. ಅದು ನೀನೇ. ದೊಡ್ಡ ಹಣೆ, ಕುಂಕುಮ, ಅರ್ಧ ಕನ್ನಡಕ ಇದೆ. ಬಾಯಿ ಯಾಕಿಲ್ಲ ಅಂತ ಬೇಸರ ಮಾಡಿಕೊಳ್ಳಬೇಡ, ನೀನು ಫೋನ್ ಹಿಡಿಯುವ ರೀತಿಗೆ ಅವಳಿಗೆ ಕಾಣುವುದೇ ಅಷ್ಟು. ಮೇಲೆ ಮೂರು ಎಸಳಿನ ಹೂವಿನ ಥರ ಇರುವುದು ಹೂವಲ್ಲ, ನಮ್ಮ ನಡುಮನೆಯ ಫ್ಯಾನು.

ಇಂತಿ,
ನಿಮ್ಮ ಮಗ