ತೂಕ ನೋಡಿ ಹೆಸರಿಡಬೇಡ

ಚಿನ್ನೂ,

ಸೀ ಅರ್ಚಿನ್ (ಮೈತುಂಬ ಮುಳ್ಳಿರುವ ಕಡಲ ಪ್ರಾಣಿ) ಮೊಟ್ಟೆಯ ಗ್ಲೈಕೋಲಿಪಿಡ್, ಅಂದರೆ ಸಕ್ಕರೆ ಅಂಟಿದ ಕೊಬ್ಬನ್ನು, ಅಣುಗಳ ತೂಕ ನೋಡುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಹಾಕಿದೆ, ಸಾಫ್ಟ್‌ವೇರ್ ರಚನೆ ತೋರಿಸಿತು, ಇನ್ನು ಪೇಪರ್ ಬರೆಯುತ್ತೇನೆ ಅಂದೆಯಲ್ಲ. ಸ್ವಲ್ಪ ತಡಿಯಮ್ಮ. (ಜಪಾನಿನಲ್ಲಿ ಆ ಪ್ರಾಣಿಯನ್ನು ತಿನ್ನುತ್ತಾರೆ ಅಂತ ಕೇಳಿ ನಿಮ್ಮಮ್ಮ ಇನ್ನೂ ಮುಖ ಕಿವುಚುತ್ತಿದ್ದಾಳೆ, ಅದಿರಲಿ.)

ತೂಕದಲ್ಲಿ 162ರ ವ್ಯತ್ಯಾಸ ಕಂಡರೆ ಅಲ್ಲೊಂದು ಹೆಕ್ಸೋಸ್ (ಆರು ಕಾರ್ಬನ್ನಿನ ಸಕ್ಕರೆ) ಇದೆ ಅನ್ನಬಹುದು, ಅಷ್ಟೇ. ಗ್ಲೂಕೋಸೋ ಗ್ಯಾಲಕ್ಟೋಸೋ ಅಂತ ತೂಕದಿಂದ ಗೊತ್ತಾಗುವುದಿಲ್ಲ. ತಕ್ಕಡಿಗೆ ಅಕ್ಕಿ ಯಾವುದು, ಬೇಳೆ ಯಾವುದು ಅಂತ ತಿಳಿಯುತ್ತಾ? ನಮ್ಮಂಥ ಸಸ್ತನಿಗಳ ಗ್ಯಾಂಗ್ಲಿಯೋಸೈಡಿನಲ್ಲಿ (ಸಿಯಾಲಿಕ್ ಆಮ್ಲ ಅನ್ನುವ ಆಮ್ಲೀಯ ಸಕ್ಕರೆ ಇರುವ ಗ್ಲೈಕೋಲಿಪಿಡ್) ಆ ಆಮ್ಲ ಸಾಮಾನ್ಯವಾಗಿ ಗ್ಯಾಲಕ್ಟೋಸಿಗೆ ಅಂಟಿರುತ್ತದೆ, ಅದೇ ಅಭ್ಯಾಸದಲ್ಲಿ ನಾವು ಕಡಲ ಪ್ರಾಣಿಗೂ ಅದನ್ನೇ ಬರೆದುಬಿಡುತ್ತೇವೆ. ಆದರೆ ಸೀ ಅರ್ಚಿನ್‌ನಲ್ಲಿ ಅದು ನೇರವಾಗಿ ಗ್ಲೂಕೋಸಿನ 6ನೇ ಕಾರ್ಬನ್ನಿಗೆ ಸೇರಿರುತ್ತದೆ, ಆ ಗ್ಲೂಕೋಸ್ ಸೆರಾಮೈಡ್ ಅನ್ನುವ ಕೊಬ್ಬಿನ ಭಾಗಕ್ಕೆ. ನಡುವೆ ಗ್ಯಾಲಕ್ಟೋಸೇ ಇಲ್ಲ.

ಇದನ್ನು ತೋರಿಸಲು ಪರ್ಮಿಥೈಲೇಷನ್ ಮಾಡಲೇಬೇಕು. ಹಕೋಮೊರಿ ಅನ್ನುವ ವಿಜ್ಞಾನಿ 1964ರಲ್ಲಿ ಕೊಟ್ಟ ವಿಧಾನ ಹಳೆಯದು ಅಂತ ಮೂಗು ಮುರಿಯಬೇಡ. ಸಕ್ಕರೆಯಲ್ಲಿ ಖಾಲಿ ಇರುವ ಹೈಡ್ರಾಕ್ಸಿಲ್‌ಗೆಲ್ಲ (OH ಗುಂಪು) ಮಿಥೈಲ್ (CH3 ಗುಂಪು) ಹತ್ತುತ್ತದೆ, ಆಮೇಲೆ ಒಡೆದು, ತುಂಡುಗಳನ್ನು ಬೇರ್ಪಡಿಸಿ ತೂಗುವ ಜಿಸಿ-ಎಂಎಸ್‌ಗೆ ಹಾಕಿದರೆ ಮಿಥೈಲ್ ಹತ್ತದ ಜಾಗವೇ ಕೊಂಡಿ ಇದ್ದ ಜಾಗ. 2, 3, 4ರಲ್ಲಿ ಮಿಥೈಲ್ ಇದ್ದು 6ರಲ್ಲಿ ಇಲ್ಲದ ಗ್ಲೂಕೋಸ್ ಸಿಕ್ಕರೆ ನಿನ್ನ ಮಾತಿಗೆ ಆಧಾರ ಸಿಕ್ಕಿತು. ಇದಕ್ಕೆ ಬಳಸುವ ದ್ರಾವಕ ಡಿಎಂಎಸ್ಒ ಮಾತ್ರ ನೀರಿಲ್ಲದ ಹಾಗೆ ಚೆನ್ನಾಗಿ ಒಣಗಿರಲಿ, ನೀರಿದ್ದರೆ ಅರ್ಧಂಬರ್ಧ ಮಿಥೈಲ್ ಆಗಿ ಇಲ್ಲದ ಕೊಂಡಿಗಳೆಲ್ಲ ಕಾಣಿಸುತ್ತವೆ. ಕೊಂಡಿ ಯಾವ ದಿಕ್ಕಿನದು, ಆಲ್ಫಾನೋ ಬೀಟಾನೋ ಅನ್ನುವುದಕ್ಕೆ ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿಟ್ಟು ಅಣುವಿನ ರಚನೆ ನೋಡುವ ವಿಧಾನ) ಬೇಕು. ಗ್ಲೂಕೋಸಿನ ಮೊದಲ ಕಾರ್ಬನ್ನಿನ ಪ್ರೋಟಾನಿನ ಸಂಕೇತ 7-8 ಹರ್ಟ್ಜ್ ಅಂತರದಲ್ಲಿ ಎರಡಾಗಿ ಒಡೆದಿದ್ದರೆ ಬೀಟಾ.

ತೂಕ 80 ಜಾಸ್ತಿ ಕಂಡರೂ ಹುಷಾರು, ಸಲ್ಫೇಟ್ ಇರಬಹುದು, ಫಾಸ್ಫೇಟೂ ಇರಬಹುದು. ಎಕಿನೋಕಾರ್ಡಿಯಂ ಕಾರ್ಡೇಟಮ್ ಅನ್ನುವ ಸೀ ಅರ್ಚಿನ್‌ನಲ್ಲಿ ಸಿಯಾಲಿಕ್ ಆಮ್ಲದ ಮೇಲೆಯೇ ಸಲ್ಫೇಟ್ ಇರುವುದನ್ನು ಕೊಚೆಟ್ಕೊವ್ ತಂಡ 1976ರಲ್ಲಿ ಬರೆದಿತ್ತು. ಫಾಸ್ಫೋಲಿಪಿಡ್ ಕಳೆಯಲು ಕ್ಷಾರ ಹಾಕುತ್ತೀಯಲ್ಲ, ಅದರಿಂದ ಆಮ್ಲಜನಕಕ್ಕೆ ಅಂಟಿದ ಅಸಿಟೈಲ್ ಗುಂಪುಗಳು ಉದುರಿಹೋಗುತ್ತವೆ. ಸ್ವಲ್ಪ ಸ್ಯಾಂಪಲ್ ಕ್ಷಾರ ಸೋಕದ ಹಾಗೆ ಬೇರೆ ಇಡು.

ಎನ್‌ಎಂಆರ್ ಮೊದಲು ಮಾಡು, ಅದರಲ್ಲಿ ಸ್ಯಾಂಪಲ್ ಹಾಳಾಗುವುದಿಲ್ಲ. ಮಿಥೈಲ್ ಹತ್ತಿಸಿ ಒಡೆದದ್ದು ವಾಪಸ್ ಬರುವುದಿಲ್ಲ. ನಿನ್ನ ಸೀ ಅರ್ಚಿನ್ ಹೆಮಿಸೆಂಟ್ರೋಟಸ್ ಮೊಟ್ಟೆ ಕೊಡುವುದು ಜನವರಿಯಿಂದ ಮಾರ್ಚ್‌ವರೆಗೆ ಅಲ್ವಾ? ಈಗ ಮುಗಿಸಿಕೊಂಡರೆ ಮುಂದಿನ ಚಳಿಗಾಲದವರೆಗೆ ಸುಮ್ನೆ ಕೂರಬೇಕಾಗುತ್ತದೆ. ಗೈಡ್ ಅವಸರ ಮಾಡಿದರೆ ಇದನ್ನೇ ಹೇಳು.

ನಿನ್ನ ದೊಡ್ಡಪ್ಪ