ದವಡೆ ಉಳಿಸಿಕೊಟ್ಟವರಿಗೆ

ಮೊನ್ನೆ ಸೋಮವಾರ ನಮ್ಮನೆಯವರ ಆಪರೇಷನ್ ಆದ ಮೇಲಿನ ಒಂದು ವರ್ಷದ ಚೆಕಪ್ ಮುಗಿಯಿತು. ಮೂಗಿನೊಳಗೆ ಎಂಡೋಸ್ಕೋಪ್ ಹಾಕಿ ನೋಡಿದ ಡಾಕ್ಟರು, "ಏನೂ ಇಲ್ಲ, ಆರಾಮಾಗಿರಿ" ಅಂದರು. ಅವತ್ತೇ ಬರೆಯಬೇಕು ಅಂದುಕೊಂಡೆ, ಕೈ ನಡುಗುತ್ತಿತ್ತು. ಇವತ್ತು ಕೂತಿದ್ದೇನೆ.

ತರೀಕೆರೆಯಲ್ಲಿ ನಮ್ಮದು ಹಿಟ್ಟಿನ ಗಿರಣಿ. ಎಡಗಡೆ ಮೂಗು ಕಟ್ಟುತ್ತೆ ಅಂತ ಅವರು ಹೇಳಿದಾಗ, ಹಿಟ್ಟಿನ ಧೂಳಿರಬೇಕು ಅಂತ ಸುಮ್ಮನಾದೆವು. ಒಂದು ದಿನ ಪಕ್ಕದ ಬೀದಿಯ ಅಜ್ಜಿಯ ರಾಗಿ ಹಿಟ್ಟು ಡಬ್ಬಕ್ಕೆ ತುಂಬುವಾಗ ಮೂಗಿನಿಂದ ರಕ್ತ ಬಿತ್ತು. ಹಿಟ್ಟಿನ ಮೇಲೆ ಮೂರು ಹನಿ. ಆ ಹಿಟ್ಟನ್ನು ಪಕ್ಕಕ್ಕಿಟ್ಟು, ನಮ್ಮ ಮನೆಯ ರಾಗಿಯನ್ನೇ ಬೀಸಿ ಕೊಟ್ಟು ಕಳಿಸಿದರಂತೆ. ಆಮೇಲೆ ದಿಂಬಿನ ಕವರಿನಲ್ಲೂ ಕಲೆ ಕಾಣತೊಡಗಿತು. ಆದರೂ ನಾಲ್ಕು ತಿಂಗಳು ತಡ ಮಾಡಿದೆವು. ಆ ಸಂಕಟ ನನಗೆ ಈಗಲೂ ಇದೆ.

ಮೊದಲು ತೋರಿಸಿದ ಕಡೆ ಸಿಟಿ ಸ್ಕ್ಯಾನ್ ಮಾಡಿಸಿದರು. ಕೆನ್ನೆಯ ಹಿಂದಿನ ಸೈನಸ್ (ಮೂಳೆಯೊಳಗಿನ ಗಾಳಿ ತುಂಬಿದ ಪೊಳ್ಳು ಜಾಗ) ತುಂಬಾ ಗಡ್ಡೆ, ಪಕ್ಕದ ಮೂಳೆ ಸವೆದಿದೆ. "ಕ್ಯಾನ್ಸರ್ ಇದ್ದ ಹಾಗಿದೆ, ಮೇಲ್ದವಡೆ ತೆಗೆಯಬೇಕಾಗಬಹುದು" ಅಂದರು. ಅವತ್ತು ರಾತ್ರಿ ಅವರು ರೊಟ್ಟಿ ತಿನ್ನುತ್ತಿದ್ದರು. ನಾನು ಅವರ ದವಡೆಯನ್ನೇ ನೋಡುತ್ತಾ ಕೂತಿದ್ದೆ.

ಮೊದಲ ಥ್ಯಾಂಕ್ಸ್ ನನ್ನ ನಾದಿನಿಗೆ. "ಅತ್ತಿಗೆ, ಅಣ್ಣನ ಮುಖಕ್ಕೆ ಕತ್ತರಿ ಹಾಕೋ ಮೊದಲು ಇನ್ನೊಬ್ಬರಿಗೆ ತೋರಿಸೋಣ" ಅಂತ ಫೋನಿನಲ್ಲೇ ಹಟ ಹಿಡಿದಳು. ಬೆಂಗಳೂರಿನ ಅವಳ ಎರಡು ಕೋಣೆಯ ಮನೆಯಲ್ಲಿ ಮೂರು ವಾರ ನಮ್ಮನ್ನು ಇಟ್ಟುಕೊಂಡಳು.

ಅಲ್ಲಿನ ಇಎನ್‌ಟಿ (ಕಿವಿ, ಮೂಗು, ಗಂಟಲಿನ) ಡಾಕ್ಟರು ಸ್ಕ್ಯಾನ್ ನೋಡಿ, "ಮೂಳೆ ತೆಳುವಾದ ಮಾತ್ರಕ್ಕೆ ಕ್ಯಾನ್ಸರ್ ಅನ್ನೋಕಾಗಲ್ಲಮ್ಮ" ಅಂದರು. ಗಡ್ಡೆಯ ಸಣ್ಣ ತುಣುಕು ತೆಗೆದು ಪರೀಕ್ಷೆಗೆ ಕಳಿಸುವ ಬಯಾಪ್ಸಿ ಮಾಡಿದರು. ಬರೀ ಹೆಪ್ಪುಗಟ್ಟಿದ ರಕ್ತ ಅಂತ ರಿಪೋರ್ಟ್ ಬಂತು. ನಾನು ಅಲ್ಲೇ ಅತ್ತುಬಿಟ್ಟೆ, ಡಾಕ್ಟರು ಮಾತ್ರ ಖುಷಿಪಡಲಿಲ್ಲ. ತುಣುಕು ಮೇಲ್ಮೇಲಿನದಾಗಿದ್ದರೆ ಒಳಗಿರುವುದು ತಪ್ಪಿಸಿಕೊಂಡಿರಬಹುದು, ಗಡ್ಡೆ ಪೂರ್ತಿ ಹೊರಗೆ ಬರುವ ತನಕ ಗ್ಯಾರಂಟಿ ಕೊಡಲ್ಲ ಅಂದರು. ಎಮ್‌ಆರ್‌ಐ ಮಾಡಿಸಿ, ರೇಡಿಯಾಲಜಿಯವರ ಪಕ್ಕದಲ್ಲೇ ಕೂತು ನೋಡಿದರು. ಗಡ್ಡೆಯ ಸುತ್ತ ಕಪ್ಪು ಅಂಚು ಕಟ್ಟಿದ ಹಾಗೆ ಕಾಣುತ್ತಿತ್ತು. ಅದು ಒಳ್ಳೆಯ ಸೂಚನೆಯಂತೆ. ಮುಖದ ಮೇಲೆ ಒಂದು ಗೆರೆಯೂ ಇಲ್ಲದೆ ಮೂಗಿನ ಮೂಲಕವೇ ಎಲ್ಲ ತೆಗೆದರು. ಎಂಟು ದಿನಕ್ಕೆ ಕೊನೆಯ ರಿಪೋರ್ಟ್ ಬಂತು. ಕ್ಯಾನ್ಸರ್ ಅಲ್ಲ.

ಅದರ ಹೆಸರು ಆರ್ಗನೈಸ್ಡ್ ಹೆಮಟೋಮಾ. ಸೈನಸ್‌ನಲ್ಲಿ ರಕ್ತ ಸೋರಿ, ಹೊರಗೆ ಹೋಗಲು ದಾರಿಯಿಲ್ಲದೆ ಅಲ್ಲೇ ನಿಲ್ಲುತ್ತದೆ. ಸುತ್ತ ಗಟ್ಟಿ ಪೊರೆ ಬೆಳೆಯುತ್ತದೆ. ಒಳಗೆ ಹೊಸ ರಕ್ತನಾಳ ಹುಟ್ಟಿ, ಅವು ಮತ್ತೆ ಒಡೆದು ಸೋರುತ್ತವೆ. ಹಾಗೇ ದೊಡ್ಡದಾಗುತ್ತಾ ಮೂಳೆಯನ್ನು ಒತ್ತಿ ಸವೆಸುತ್ತದೆ, ಅದಕ್ಕೇ ಸ್ಕ್ಯಾನ್‌ನಲ್ಲಿ ಕ್ಯಾನ್ಸರ್ ಥರ ಕಾಣುತ್ತದೆ. ಪೂರ್ತಿ ತೆಗೆದರೆ ಮತ್ತೆ ಬರುವುದು ಅಪರೂಪ. ಕೀಮೋ ಬೇಡ, ರೇಡಿಯೇಷನ್ ಬೇಡ.

ಮೊದಲು ನೋಡಿದವರಿಗೆ ಅನುಮಾನ ಬಂದಿದ್ದು ತಪ್ಪು ಅಂತ ನಾನು ಹೇಳಲ್ಲ. ಆದರೆ ಬಯಾಪ್ಸಿಗೆ ಮೊದಲೇ ದವಡೆಯ ಮಾತು ಬರಬಾರದಿತ್ತು. ಹಾಗಂತ ಇದನ್ನು ಓದಿ ಯಾರೂ ಸುಮ್ನೆ ಕೂರಬೇಡಿ. ಒಂದೇ ಕಡೆ ಮೂಗು ಕಟ್ಟಿ, ಅದೇ ಕಡೆ ಪದೇ ಪದೇ ರಕ್ತ ಬಂದರೆ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಕೆಲವರಿಗೆ ಅದು ನಿಜವಾಗಿಯೂ ಕ್ಯಾನ್ಸರ್ ಆಗಿರುತ್ತದೆ.

ಆ ಕೊನೆಯ ರಿಪೋರ್ಟಿನ ಕೆಳಗೆ ಸಹಿ ಹಾಕಿದ ಪೆಥಾಲಜಿ ಡಾಕ್ಟರನ್ನು ನಾವು ನೋಡಿಯೇ ಇಲ್ಲ. ಗಡ್ಡೆಯ ಒಂದೊಂದು ಭಾಗವನ್ನೂ ಬೇರೆ ಬೇರೆ ಪರೀಕ್ಷಿಸಿದ್ದಾರೆ ಅಂತ ಆಮೇಲೆ ಗೊತ್ತಾಯಿತು. ಮೇಡಂ, ನಿಮ್ಮ ಸಹಿ ಇರುವ ಆ ಹಾಳೆ ನಮ್ಮ ದೇವರ ಕೋಣೆಯಲ್ಲಿದೆ. ಉಪ್ಪುನೀರಲ್ಲಿ ಮೂಗು ತೊಳೆಯುವುದನ್ನು ಬೇಸರವಿಲ್ಲದೆ ಐದು ಸಲ ಹೇಳಿಕೊಟ್ಟ ವಾರ್ಡಿನ ಸಿಸ್ಟರ್‌ಗೆ, ರಕ್ತ ಕೊಡಲು ರಾತ್ರಿ ರೈಲು ಹತ್ತಿ ಬಂದ ನಾಲ್ಕು ಹುಡುಗರಿಗೆ, ಒಂದು ದಿನವೂ ಗಿರಣಿ ಬಾಗಿಲು ಹಾಕದೆ ನಡೆಸಿದ ನಮ್ಮ ಹುಡುಗನಿಗೆ ಏನು ಕೊಟ್ಟರೂ ಕಡಿಮೆಯೇ.

ಇನ್ನು ಆ ರಾಗಿ ಅಜ್ಜಿ. ವಾರಕ್ಕೊಮ್ಮೆ ಬಂದು "ಮೂಗು ಹೆಂಗೈತಪ್ಪಾ?" ಅಂತ ಕೇಳುತ್ತಲೇ ಇದ್ದರು. ಹರಕೆ ಕಟ್ಟಿಕೊಂಡಿದ್ದಾರೆ ಅಂತ ನಮಗೆ ಮೊನ್ನೆ ತಿಳಿಯಿತು. ಅಜ್ಜಿ, ತೆಂಗಿನಕಾಯಿ ನಾವು ತರುತ್ತೇವೆ. ಶನಿವಾರ ಬೆಳಗ್ಗೆ ರೆಡಿಯಾಗಿರಿ, ಗುಡಿಗೆ ಜೊತೆಗೇ ಹೋಗೋಣ.